ಮುಂದಿನ ಸೀಟಿನ ಎದುರಿದ್ದ ಖಾಲಿ ಜಾಗ

ಸಣ್ಣ ಕಾರುಗಳ ವಿನ್ಯಾಸ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಹೊಸ ಮಾದರಿಯಲ್ಲಿ, ಚಾಲಕನ ಪಕ್ಕದ ಸೀಟಿನ ಎದುರಿದ್ದ ಖಾಲಿ ಜಾಗವನ್ನು ತುಂಬಿಸಿಬಿಟ್ಟಿದ್ದೀರಿ. ಅಲ್ಲೀಗ ಹೊಟ್ಟೆ ಉಬ್ಬಿಸಿಕೊಂಡ ಡ್ಯಾಶ್‌ಬೋರ್ಡ್ ಇದೆ, ಅದರ ಕೆಳಗೆ ಮುಚ್ಚಳವಿರುವ ಪೆಟ್ಟಿಗೆ ಇದೆ, ಮಗ್ಗುಲಲ್ಲಿ ಲೋಟ ಇಡಲು ಎರಡು ಗುಂಡಿಗಳಿವೆ. ಬಹಳ ಸಂತೋಷ. ಆದರೆ ತಾವು ಖಾಲಿ ಎಂದುಕೊಂಡ ಆ ಜಾಗದಲ್ಲಿ ನನ್ನ ಅಕ್ಕನ ಬಲಗಾಲು ಇರುತ್ತಿತ್ತು. ಅದನ್ನು ಈಗ ಎಲ್ಲಿಡಬೇಕು ಎಂದು ಕೇಳಲು ಈ ಪತ್ರ. ಖಾಸಗಿಯಾಗಿ ಕೇಳಿ ನೋಡಿದ್ದಾಯಿತು. ಬಂದ ಉತ್ತರಗಳನ್ನು ಕಂಡ ಮೇಲೆ, ನಾಲ್ಕು ಜನರ ಎದುರಿಗೆ ಕೇಳುವುದೇ ವಾಸಿ ಅನ್ನಿಸಿತು.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಅವಳು ವಿಷಲ್ ಊದಿದರೆ ಮೈದಾನದಾಚೆ ರಸ್ತೆಯಲ್ಲಿ ಹೋಗುವವರೂ ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಮಂಡಿಗೆ ಸೋಂಕು ತಗುಲಿತು. ಕೀಲು ಪೂರ್ತಿ ಕೆಟ್ಟುಹೋಗಿ, ಕೊನೆಗೆ ವೈದ್ಯರು ಒಳಗೊಂದು ಲೋಹದ ಸರಳು ಕೂರಿಸಿ ಕಾಲನ್ನು ನೇರವಾಗಿ ನಿಲ್ಲಿಸಿಬಿಟ್ಟರು. ಅದು ಇನ್ನು ಮಡಚುವುದಿಲ್ಲ. ಅವಳು ಮದುವೆ ಮಾಡಿಕೊಳ್ಳಲಿಲ್ಲ, ನನ್ನ ಹೆಂಡತಿ ತೀರಿಕೊಂಡು ವರ್ಷಗಳಾದವು. ಹೀಗಾಗಿ ಅಕ್ಕ-ತಮ್ಮ ಒಂದೇ ಮನೆಯಲ್ಲಿ ದಿನಾ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೇವೆ.

ವಾರಕ್ಕೆ ಮೂರು ದಿನ ಅವಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹೆಂಗಸರಿಗೆ ಮೀಸಲಾದ ಸಮಯ ಅದು. ನಾನು ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತ ಕೂರುತ್ತಿದ್ದೆ. ಒಳಗಿನಿಂದ ಅವಳು ಯಾರ ಮೇಲೋ ರೇಗುವ ಸದ್ದು ಕೇಳುತ್ತಿತ್ತು: "ಏನಮ್ಮಾ, ನೀರನ್ನ ಹೊಡಿಬೇಡ, ತಳ್ಳು! ಅದೇನು ನಿನ್ನ ಅತ್ತೆನಾ ಹೊಡಿಯೋಕೆ?" ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು ತಾವು. "ನೀರಲ್ಲಿದ್ದಾಗ ನನ್ನ ಎರಡು ಕಾಲಿಗೂ ಭೇದಾನೇ ಇಲ್ಲ ಕಣೋ" ಅನ್ನುತ್ತಿದ್ದಳು. ಇದು ಬರೀ ಖುಷಿಯ ವಿಷಯವಲ್ಲ. ಎಡಮಂಡಿ ಈಗ ಇಬ್ಬರ ಕೆಲಸ ಮಾಡುತ್ತಿದೆ, ಈಜು ಬಿಟ್ಟರೆ ಅದೂ ಕೈಕೊಡುತ್ತದೆ ಎಂದು ವ್ಯಾಯಾಮ ಹೇಳಿಕೊಡುವ ವೈದ್ಯೆ ಖಡಾಖಂಡಿತವಾಗಿ ಹೇಳಿದ್ದಾರೆ.

ಬೇರೆ ಕಾರಿಲ್ಲವೇ ಎಂದು ತಾವು ಕೇಳಬಹುದು. ಕೇಳಿ, ತಪ್ಪಿಲ್ಲ. ದೊಡ್ಡ ಕಾರುಗಳಿಗೆ ಅವಳು ಹತ್ತಲಾರಳು, ತಗ್ಗಿನ ಕಾರುಗಳಿಂದ ಏಳಲಾರಳು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕಾಲು ಅಡ್ಡವಾಗಿ ಬಾಗಿಲಿಗೆ ಬಡಿಯುತ್ತದೆ. ಬಸ್ಸಿನ ಮೆಟ್ಟಿಲ ಮಾತು ಬಿಡಿ. ಈಜುವುದಕ್ಕೆ ಆಂಬುಲೆನ್ಸಿನಲ್ಲಿ ಹೋಗುವುದೇ? ಊರಿನ ಷೋರೂಮುಗಳನ್ನೆಲ್ಲ ಅಲೆದು ಚಪ್ಪಲಿ ಸವೆಸಿದ ಮೇಲೆ ಸಿಕ್ಕಿದ್ದು ತಮ್ಮ ಆ ಪುಟ್ಟ ಕಾರು. ಎತ್ತರದ ಚಾವಣಿ, ಅಗಲವಾಗಿ ತೆರೆಯುವ ಬಾಗಿಲು. ಅಕ್ಕ ಮೊದಲು ಬೆನ್ನು ಕೊಟ್ಟು ಕೂತು, ಆಮೇಲೆ ಗಡಿಯಾರದ ಮುಳ್ಳಿನ ಹಾಗೆ ಕಾಲನ್ನು ಒಳಕ್ಕೆ ತಿರುಗಿಸುತ್ತಿದ್ದಳು. ಎದುರಿಗೆ ಏನೂ ಇರಲಿಲ್ಲ. ಕಾಲು ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು. ಮೊದಲ ದಿನ ಹಾಗೆ ಕೂತವಳು ಷೋರೂಮಿನಲ್ಲೇ ಅತ್ತುಬಿಟ್ಟಳು. ನಾನು ಅವಳು ಅಳುವುದನ್ನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ಕಾರು ಈಗಿಲ್ಲ. ತರಕಾರಿ ಅಂಗಡಿಯ ಮುಂದೆ ಅದರ ಪಾಡಿಗೆ ಅದು ನಿಂತಿದ್ದಾಗ ನೀರಿನ ಟ್ಯಾಂಕರೊಂದು ಹಿಂದಿನಿಂದ ಬಂದು ಗುದ್ದಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ವಿಮೆಯವರು ರಿಪೇರಿಗೆ ಬಾರದ್ದು ಎಂದು ಷರಾ ಬರೆದು, ಪರಿಹಾರವನ್ನು ಮರ್ಯಾದೆಯಾಗಿ ಕೊಟ್ಟರು. ಅದೇ ಕಾರು ಇನ್ನೊಂದು ತಂದರಾಯಿತು ಎಂದು ಹೊರಟೆವು. ಅಷ್ಟರಲ್ಲಿ ತಾವು, ಆ ಮಾದರಿ ಬಂದು ಎರಡು ವರ್ಷ ತುಂಬುವ ಮೊದಲೇ, ಅದನ್ನು ಬದಲಾಯಿಸಿ ಹಳೆಯದರ ತಯಾರಿಕೆಯನ್ನು ನಿಲ್ಲಿಸಿದ್ದಿರಿ. ಸಾಮಾನ್ಯವಾಗಿ ಕಂಪನಿಗಳು ನಾಲ್ಕೈದು ವರ್ಷ ಕಾಯುತ್ತವಂತೆ. ತಮಗೇನು ಅಷ್ಟು ಅವಸರ ಬಿದ್ದಿತ್ತು ಸ್ವಾಮಿ?

ಹೊಸ ಮಾದರಿಯ ಮೊದಲ ನೋಟಕ್ಕೆ ಹಳೆಯ ಮಾಲೀಕರನ್ನೆಲ್ಲ ಷೋರೂಮಿಗೆ ಕರೆದು ತಂಪು ಪಾನೀಯ ಕೊಟ್ಟಿರಿ. ನಾವೂ ಬಂದಿದ್ದೆವು. ನಮ್ಮ ಮಾಲೀಕರದ್ದೇ ಒಂದು ಬಳಗವಿದೆ, ಕಾರಿಗೆ ನಾವಿಟ್ಟ ಮುದ್ದಿನ ಹೆಸರು ಡಬ್ಬಿ. ಪರದೆ ಸರಿದು ಹೊಸ ಡಬ್ಬಿ ಕಂಡಿತು. ಬಳಗದ ದಂತವೈದ್ಯರು ಅದರ ಮುಂಭಾಗವನ್ನು ದಿಟ್ಟಿಸಿ, "ಇದ್ಯಾಕ್ರೀ, ಮುಂದಿನ ಹಲ್ಲೆಲ್ಲ ಕೀಳಿಸ್ಕೊಂಡು ಬಂದ ಪೇಷೆಂಟ್ ಥರ ಇದೆ" ಎಂದರು. ಬೇಕರಿ ನಡೆಸುವ ಇನ್ನೊಬ್ಬರು ಹಿಂದಿನ ಬಾಗಿಲು ತೆಗೆದು, ಬನ್ನಿನ ಟ್ರೇ ಇನ್ನು ನೇರವಾಗಿ ಜಾರುವುದಿಲ್ಲ ಎಂದು ತಲೆ ಚಚ್ಚಿಕೊಂಡರು. ಹಿಂದಿನ ತಿಂಗಳಷ್ಟೇ ಹಳೆಯ ಮಾದರಿ ಕೊಂಡಿದ್ದ ಹೆಂಗಸೊಬ್ಬರು, "ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗ್ದಿಲ್ಲ, ಆಗ್ಲೇ ನಮ್ದು ಹಳೇದಾಗೋಯ್ತಾ?" ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು.

ಅಕ್ಕ ಯಾರ ಮಾತಿಗೂ ಕಿವಿಗೊಡಲಿಲ್ಲ. ನೇರವಾಗಿ ಹೋಗಿ ಬಾಗಿಲು ತೆಗೆಸಿ, ಬೆನ್ನು ಕೊಟ್ಟು ಕೂತು, ಕಾಲು ತಿರುಗಿಸಿದಳು. ಪಾದ ಹೋಗಿ ತಮ್ಮ ಪೆಟ್ಟಿಗೆಗೆ ಬಡಿಯಿತು. ಸೀಟನ್ನು ಹಿಂದಕ್ಕೆ ತಳ್ಳಿದೆವು, ಒರಗಿಸಿದೆವು, ಅವಳನ್ನು ಓರೆಯಾಗಿ ಕೂರಿಸಿ ನೋಡಿದೆವು. ಏನೇ ಮಾಡಿದರೂ ಒಂದು ಗೇಣು ಕಾಲು ಹೊರಗೇ. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಷೋರೂಮಿನ ಮಾರಾಟದವರು ಒಳ್ಳೆಯ ಮನಸ್ಸಿನಿಂದಲೇ, "ಮೇಡಂ, ಈಗ ಡಿಕ್ಕಿ ದೊಡ್ಡದಾಗಿದೆ, ಹಿಂದಿನ ಸೀಟನ್ನ ಪೂರ್ತಿ ಮಡಚ್ಬೋದು. ಅಲ್ಲಿ ಉದ್ದಕ್ಕೆ ಕಾಲು ಚಾಚ್ಕೊಂಡು..." ಎಂದರು.

"ಡಿಕ್ಕಿ ದೊಡ್ಡದಾಗಿದೆ ಅಂದ್ರಲ್ಲ, ಅದರಲ್ಲೇ ಹಾಕ್ಬಿಡಿ ನನ್ನ. ಸ್ಟೆಪ್ನಿ ಪಕ್ಕದಲ್ಲಿ ಬಿದ್ದಿರ್ತೀನಿ" ಎಂದಳು ಅಕ್ಕ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಏಳಲು ಹೋದರೆ ಆಗಲಿಲ್ಲ, ಹಿಮ್ಮಡಿ ಬಾಗಿಲ ಅಂಚಿಗೆ ಸಿಕ್ಕಿಕೊಂಡಿತ್ತು. ದಂತವೈದ್ಯರು ಒಂದು ಕಡೆ, ನಾನೊಂದು ಕಡೆ ಹಿಡಿದು ಎಬ್ಬಿಸಬೇಕಾಯಿತು. ಅಷ್ಟು ಹೊತ್ತೂ ತಮ್ಮ ಫೋಟೋದವನು ಫೋಟೋ ತೆಗೆಯುತ್ತಲೇ ಇದ್ದ. ಹೊರಡುವಾಗ ನಮ್ಮ ಕೈಗೊಂದು ಕೀಚೈನ್ ಕೊಟ್ಟರು. ಬೀಗದ ಕೈ ಇಲ್ಲದವರಿಗೆ ಕೀಚೈನ್ ಕೊಡುವ ಔದಾರ್ಯಕ್ಕೆ ಏನೆನ್ನಲಿ?

ನಾನು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ನೌಕರಿ ಮುಗಿಸಿದವನು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ದಿನಕ್ಕೆ ಅದೆಷ್ಟು ಸಲ ಹೇಳಿದ್ದೇನೋ ದೇವರೇ ಬಲ್ಲ. ಆದ್ದರಿಂದ ತಮ್ಮ ಗ್ರಾಹಕ ಸೇವೆಯ ಹುಡುಗಿ ಫೋನಿನಲ್ಲಿ, "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಸರ್" ಎಂದಾಗ ನನಗೆ ಸಿಟ್ಟು ಬರಲಿಲ್ಲ. ಬರೆದುಕೊಟ್ಟದ್ದನ್ನು ಎದುರಿಗಿಟ್ಟುಕೊಂಡು ಓದುತ್ತಿದ್ದಾಳೆ ಎಂದು ಗೊತ್ತಾಯಿತು, ಗಂಟಲು ಒಣಗಿದ್ದೂ ಗೊತ್ತಾಯಿತು. "ಸ್ವಲ್ಪ ನೀರು ಕುಡಿಯಮ್ಮ" ಎಂದೆ. ಅವಳು ತಡವರಿಸಿ, "ಥ್ಯಾಂಕ್ಸ್ ಸರ್... ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಎಂದು ಮೊದಲಿನಿಂದ ಶುರು ಮಾಡಿದಳು. ರೈಲು ತಡವಾಗಿದ್ದಕ್ಕೆ ಮೈಕಿನವನನ್ನು ಬೈದು ಏನು ಪ್ರಯೋಜನ?

ಕೊನೆಗೆ ತಮ್ಮ ಕಚೇರಿಯಿಂದಲೇ ಲಿಖಿತ ಸಮಜಾಯಿಷಿ ಬಂತು. ಮಾಲೀಕರ ಸಮೀಕ್ಷೆಯಲ್ಲಿ ಬಹುಪಾಲು ಜನ ಮುಂದಿನ ಸೀಟಿನ ಎದುರಿನ ಜಾಗ ವ್ಯರ್ಥವಾಗಿದೆ ಎಂದು ಅಭಿಪ್ರಾಯಪಟ್ಟಿದ್ದಾರಂತೆ, ಗ್ರಾಹಕರ ಬೇಡಿಕೆಯನ್ನು ಮನ್ನಿಸಿಯೇ ಮರುವಿನ್ಯಾಸವನ್ನು ತ್ವರಿತಗೊಳಿಸಲಾಯಿತಂತೆ. ಅಂದರೆ ಮಾಡಿದ್ದು ನಾವೇ! ಬಳಗದಲ್ಲಿ ಕೇಳಿದೆ. ಬೇಕರಿಯವರು ಹೌದು, ಪೆಟ್ಟಿಗೆ ಬೇಕು ಅಂದಿದ್ದೆ ಎಂದರು. ದಂತವೈದ್ಯರಿಗೆ ಲೋಟ ಇಡಲು ಜಾಗ ಬೇಕಿತ್ತು. ಇಬ್ಬರೂ ಸಂಕೋಚದಿಂದ ಮುದುಡಿಹೋದರು. ಅವರ ಮೇಲೆ ಹೇಗೆ ಕೋಪಿಸಿಕೊಳ್ಳಲಿ? ಲೋಟ ಇಡಲು ಜಾಗ ಕೇಳುವುದು ಅಪರಾಧವೇ?

ಆದರೆ ಆ ಸಮೀಕ್ಷೆ ನಡೆದಾಗ ನಾವೂ ಇದ್ದೆವು ಮಾನ್ಯರೇ. ಸರ್ವೀಸಿಗೆ ಕಾರು ಬಿಟ್ಟಿದ್ದಾಗ ತಮ್ಮವರೊಬ್ಬರು ಕೈಯಲ್ಲಿ ಟ್ಯಾಬ್ ಹಿಡಿದು ಬಂದು, "ನಿಮ್ಮ ಕಾರಿನಲ್ಲಿ ಏನು ಬದಲಾಗ್ಬೇಕು ಮೇಡಂ?" ಎಂದು ಅಕ್ಕನನ್ನು ಕೇಳಿದರು.

"ಏನೂ ಬೇಡಪ್ಪ. ಹೀಗೇ ಇರ್ಲಿ."

"ಏನೂ ಬೇಡ ಅನ್ನೋದು ಇದರಲ್ಲಿ ಇಲ್ಲ ಮೇಡಂ. ಏನಾದ್ರೂ ಒಂದು ಒತ್ತದೆ ಮುಂದಕ್ಕೆ ಹೋಗಲ್ಲ."

"ಮುಂದಕ್ಕೆ ಯಾಕಪ್ಪ ಹೋಗ್ಬೇಕು?"

ಅವರು ಪಾಪ, ಬೆವರು ಒರೆಸಿಕೊಂಡರು. ಅಕ್ಕನಿಗೆ ಕನಿಕರ ಹುಟ್ಟಿ, ಇನ್ನಷ್ಟು ಬಣ್ಣಗಳು ಬೇಕು ಎಂಬುದನ್ನು ಒತ್ತಿದಳು. ಆ ಒಂದು ಬೇಡಿಕೆಯನ್ನು ತಾವು ಚಾಚೂ ತಪ್ಪದೆ ಈಡೇರಿಸಿದ್ದೀರಿ. ಹೊಸ ಮಾದರಿ ಒಂಬತ್ತು ಬಣ್ಣಗಳಲ್ಲಿ ಲಭ್ಯ. ಏನು ಬದಲಾಗಬೇಕು ಎಂದು ಸಾವಿರಾರು ಜನರನ್ನು ಕೇಳಿದ ತಮಗೆ, ಏನು ಬದಲಾಗಬಾರದು ಎಂದು ಒಬ್ಬರನ್ನಾದರೂ ಕೇಳಬೇಕು ಅನ್ನಿಸಲಿಲ್ಲವೇ? ನೆಮ್ಮದಿಯಾಗಿ ಕೂತವರ ಅಭಿಪ್ರಾಯಕ್ಕೆ ತಮ್ಮ ಯಂತ್ರದಲ್ಲಿ ಒಂದು ಗುಂಡಿಯಷ್ಟೂ ಜಾಗವಿರಲಿಲ್ಲವೇ?

ಬೇರೆ ಪ್ರಯತ್ನಗಳನ್ನು ಮಾಡದೆ ತಮ್ಮನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಸ ಕಾರನ್ನೇ ಕೊಂಡು ಆ ಉಬ್ಬನ್ನು ಕತ್ತರಿಸಿ ತೆಗೆಯಬಹುದೇ ಎಂದು ಗ್ಯಾರೇಜಿನವರನ್ನು ಕೇಳಿದೆ. "ಅದರೊಳಗೆ ಏರ್‌ಬ್ಯಾಗ್ ಇದೆ, ಮುಟ್ಟೋ ಹಾಗಿಲ್ಲ ಸರ್" ಎಂದರು. ಯಾರಾದರೂ ಹಳೆಯ ಡಬ್ಬಿ ಮಾರುವಿರಾ ಎಂದು ಬಳಗದ ಮೊಬೈಲ್ ಗುಂಪಿಗೆ ಹಾಕಿದರೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು, ಕಾರು ಬರಲಿಲ್ಲ. ಹೊಸದನ್ನು ನೋಡಿದ ಮೇಲೆ ಹಳೆಯದನ್ನು ಯಾರು ಬಿಟ್ಟುಕೊಡುತ್ತಾರೆ? ಬೇಕರಿಯವರು ತಾವಾಗಿ ಹಳೆಯ ಡಬ್ಬಿ ತಂದು ಎರಡು ಮೂರು ಸಲ ಅಕ್ಕನನ್ನು ಕೊಳಕ್ಕೆ ಬಿಟ್ಟು ಕರೆತಂದರು. ಆಮೇಲೆ ಅಕ್ಕನೇ, "ಬೇಡ ಅನ್ನೋ ಅವರಿಗೆ. ನನ್ನಿಂದ ಅಂಗಡಿಗಳಿಗೆ ಬನ್ನು ತಡವಾಗಿ ಹೋಗ್ತಿದೆ" ಎಂದಳು. ಎಷ್ಟು ಹೇಳಿದರೂ ಮತ್ತೆ ಹೊರಡಲಿಲ್ಲ. ಈಜುಡುಗೆಯನ್ನು ತೊಳೆದು ಒಣಗಿಸಿ ಬೀರುವಿನ ತಳಕ್ಕೆ ಸೇರಿಸಿದಳು.

ಈಗ ನನ್ನ ಬೇಡಿಕೆ. ಹೊಸ ಮಾದರಿಯನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವಷ್ಟು ದಡ್ಡನಲ್ಲ ನಾನು. ಹಳೆಯ ಮಾದರಿಯ ಕಾರೊಂದು ತಮ್ಮ ಕೇಂದ್ರ ಕಚೇರಿಯ ನೆಲಮಹಡಿಯಲ್ಲಿದೆ ಎಂದು ಷೋರೂಮಿನ ಅದೇ ಮಾರಾಟದವರು ನನ್ನ ಕಿವಿಯಲ್ಲಿ ಹೇಳಿದರು. ಹೋಗಿ ನೋಡಿ ಬಂದೆ. ಗಾಜಿನ ಕೋಣೆ, ಮೇಲಿನಿಂದ ದೀಪ, ಪಕ್ಕದಲ್ಲಿ ನಮ್ಮ ಹೆಮ್ಮೆಯ ಪರಂಪರೆ ಎಂಬ ಫಲಕ. ಎರಡು ವರ್ಷದೊಳಗೆ ಪರಂಪರೆ! ಬಗ್ಗಿ ಒಳಗೆ ನೋಡಿದೆ. ಆ ಜಾಗ ಹಾಗೇ ಇದೆ. ಕಾವಲಿನವರು ಬಂದು, "ಗಾಜು ಮುಟ್ಬೇಡಿ ಯಜಮಾನ್ರೇ, ದೂರ ನಿಂತ್ಕೊಂಡು ನೋಡಿ" ಎಂದರು. ದೂರ ನಿಂತು ಬಹಳ ಹೊತ್ತು ನೋಡಿದೆ.

ಅದನ್ನು ನಮಗೆ ಕೊಡಿ. ಬಿಟ್ಟಿ ಬೇಡ, ತಾವು ಹೇಳಿದ ಬೆಲೆಗೇ ಕೊಳ್ಳುತ್ತೇವೆ. ಅಲ್ಲಿ ಅದರೊಳಗೆ ಯಾರೂ ಕೂರುವುದಿಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ. ಪ್ರದರ್ಶನದ ವಸ್ತುಗಳನ್ನು ಮಾರಲು ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರವನ್ನು ತಮ್ಮವರು ಈಗಾಗಲೇ ಬರೆಯಲು ಕೂತಿರಬಹುದು. ಬರೆಯುವ ಮೊದಲು ಒಂದೇ ಒಂದು ಸಲ ತಾವು ಕೆಳಗಿಳಿದು ಬಂದು ಆ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ನೋಡಿ. ಅದಕ್ಕಿಂತ ಹೆಚ್ಚು ಏನು ಕೇಳಬೇಕೋ ನನಗೆ ಗೊತ್ತಿಲ್ಲ.

ಬೇಗ ತಿಳಿಸಿ. ಎಡಮಂಡಿ ಬಾತುಕೊಳ್ಳಲು ಶುರುವಾಗಿದೆ. ಅಕ್ಕ ನನ್ನಿಂದ ಮುಚ್ಚಿಡುತ್ತಾಳೆ, ಸೀರೆಯ ನೆರಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ನಡುಮನೆಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ಜ್ವರವಿದ್ದರೂ ಯಾರ ಆಸರೆಯೂ ಬೇಡ ಎಂದು ಕೈ ಕೊಡವಿಕೊಂಡು ನಡೆಯುತ್ತಿದ್ದವಳು ಅವಳು. ಇವತ್ತು ಬೆಳಿಗ್ಗೆ ಬಚ್ಚಲುಮನೆಗೆ ಹೋಗಲು, "ಲೋ, ಸ್ವಲ್ಪ ಕೈ ಕೊಡ್ತೀಯಾ?" ಎಂದು ನನ್ನನ್ನು ಕೇಳಿದಳು.

ಇಂತಿ,
ಬೇರೆ ದಾರಿ ಕಾಣದೆ ತಮಗೆ ಬರೆದ,
ಕಾರಿಲ್ಲದ ಒಬ್ಬ ಕಾರು ಮಾಲೀಕ