ಕ್ಲಾರಿನೆಟ್ ಊದುವವನ ಮುಂದಿನ ಹಲ್ಲು

ಪ್ರೀತಿಯ ವಿದ್ಯಾವತಿ ಡಾಕ್ಟರೇ,

ನಾನು ಗುಲನಾಜ. ಬಸವನ ಬಾಗೇವಾಡಿಯ ಶಾಲೆಯಲ್ಲಿ ನೀವು ಹಲ್ಲಿನ ಕ್ಯಾಂಪ್ ಮಾಡಿದಾಗ ಬಾಗಿಲ ಪಕ್ಕ ಕೂತು ಚೀಟಿ ಬರೆಯುತ್ತಿದ್ದವಳು. ಕ್ಲಾರಿನೆಟ್ ಊದುವ ಜೈನುದ್ದೀನನ ಮಗಳು ಅಂದರೆ ಬೇಗ ನೆನಪಾದೀತು. ನಿಮ್ಮ ಹೌಸ್ ಸರ್ಜನ್ ವರ್ಷ ಮುಗಿದು ನೀವು ಊರಿಗೆ, ಇಂಡಿಗೆ, ಹೋದಿರೆಂದು ವಿಜಯಪುರದ ಹಲ್ಲಿನ ಕಾಲೇಜಿನ ದವಾಖಾನೆಯಲ್ಲಿ ತಿಳಿಯಿತು. ನಂಬರು ಕೊಡುತ್ತೇವೆ, ಫೋನ್ ಮಾಡು ಅಂದರು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ವಿಳಾಸ ಬರೆಸಿಕೊಂಡು ಬಂದೆ.

ಅಪ್ಪನ ಹಲ್ಲು ಮುಂದೇನಾಯಿತು ಎಂದು ನಿಮಗೆ ತಿಳಿಸಬೇಕು. ಅದಕ್ಕೂ ಮೊದಲು ಒಂದು ಲೆಕ್ಕ ಸರಿಮಾಡಬೇಕು. ಅವತ್ತು ಕ್ಯಾಂಪಿನಲ್ಲಿ ಎಲ್ಲರ ಎದುರು ನೀವು ನನ್ನನ್ನು ಗಟ್ಟಿಗಿತ್ತಿ ಅಂದಿರಿ. ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ, ಅದಕ್ಕೇ ಆ ಮಾತನ್ನು ಇಷ್ಟು ದಿನ ಬಿಡದೆ ಇಟ್ಟುಕೊಂಡೆ. ಆದರೆ ಅದು ನನಗೆ ಸಲ್ಲುವ ಮಾತಲ್ಲ. ಯಾಕೆಂದು ಹೇಳುತ್ತೇನೆ.

ಅಪ್ಪ ಇಪ್ಪತ್ತಾರು ವರ್ಷದಿಂದ ಬಸಂತರಾಯ ಕಾಕಾನ ಬ್ಯಾಂಡಿನಲ್ಲಿದ್ದಾನೆ. ಅತ್ತ ತಂಗಡಗಿ, ಇತ್ತ ಕೊಲ್ಹಾರ, ನಡುವಿನ ಎಲ್ಲ ಹಳ್ಳಿಗಳ ಮದುವೆಗಳಲ್ಲಿ ಅವನ ಕ್ಲಾರಿನೆಟ್ ಇದ್ದೇ ಇರುತ್ತದೆ. ಕ್ಲಾರಿನೆಟ್ಟಿನ ಬಾಯಿತುಂಡಿನ ಮೇಲೆ ಮೇಲಿನ ಮುಂದಿನ ಹಲ್ಲುಗಳು ಊರಿ ಕೂರಬೇಕು. ಹಲ್ಲು ಊರದಿದ್ದರೆ ತುಟಿ ಜಾರುತ್ತದೆ, ತುಟಿ ಜಾರಿದರೆ ಸ್ವರ ಒಡೆಯುತ್ತದೆ. ಇದನ್ನು ಅವನು ನನಗೆ ಕಲಿಸಿದ್ದಲ್ಲ, ನೋಡಿ ತಿಳಿದುಕೊಂಡದ್ದು. ನನಗೆ ಮಾತು ಕಡಿಮೆ, ನೋಡುವುದು ಹೆಚ್ಚು.

ಹೋದ ದೀಪಾವಳಿಯ ನಂತರ ಅಪ್ಪ ಕೊಳವೆಯನ್ನು ಬಾಯಿಯ ಎಡಮೂಲೆಗೆ ಸರಿಸಿ ಹಿಡಿಯತೊಡಗಿದ. ಆಮೇಲೆ ಪಂಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ತುಂಡೊಂದು ತಂದು ಬಾಯಿತುಂಡಿಗೆ ಅಂಟಿಸಿದ, ಹಲ್ಲಿಗೆ ಮೆತ್ತಗಾಗಲೆಂದು. ಜೇಬಿನಲ್ಲಿ ಲವಂಗ ಇರತೊಡಗಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ದವಡೆಯಲ್ಲಿ ಅಗಿಯುತ್ತಿದ್ದ. ನಮ್ಮವ್ವ ಜೋಹರಾಬಿ ಸುಮ್ಮನಿರುವವಳಲ್ಲ. "ಆ ಕಡೀ ದವಡಿ ಯಾರಿಗರೆ ಬಾಡಗಿ ಕೊಟ್ಟೀದೇನ?" ಎಂದು ಕೇಳಿದಳು. ಅಪ್ಪ ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡ. ಒಮ್ಮೆ ಮಾತ್ರ ಖಾಸಗಿ ದವಾಖಾನೆಗೆ ಹೋಗಿದ್ದ. ಕೀಳುವುದಕ್ಕೆ ಒಂದು ದರ, ಉಳಿಸುವುದಕ್ಕೆ ಅದರ ಹತ್ತು ಪಟ್ಟು ಎಂದು ಕೇಳಿ, ಅಲ್ಲಿನ ಫಿಲ್ಟರಿನ ನೀರು ಕುಡಿದು ಎದ್ದು ಬಂದ.

ಬ್ಯಾಂಡಿನಲ್ಲಿ ಹೇಳಿಕೊಳ್ಳುವ ಹಾಗಿರಲಿಲ್ಲ. ಬಸಂತರಾಯ ಕಾಕಾ ಆಗಲೇ ಸಿಂದಗಿಯಿಂದ ಕೀಬೋರ್ಡ್ ನುಡಿಸುವವನೊಬ್ಬನನ್ನು ಗೊತ್ತುಮಾಡಿದ್ದರು. ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಅವರು ಮೆತ್ತಗೆ ಅಂದರು: "ಜೈನೂ, ಉಸರ ಸಾಲಲಿಲ್ಲಂದ್ರ ಈ ಸೀಜನ್ ತಾಳ ಹಿಡಿಯಪ. ನಿನ್ನ ಪಾಲು ಕಡಿಮಿ ಮಾಡಂಗಿಲ್ಲ." ಅವರು ಬೈದಿದ್ದರೆ ಅಪ್ಪ ತಿರುಗಿ ಬೈಯುತ್ತಿದ್ದ. ಪ್ರೀತಿಯಿಂದ ಅಂದಿದ್ದರಿಂದ ಅವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದ. ಉಸಿರು ಸಾಕಷ್ಟಿತ್ತು ಡಾಕ್ಟರೇ. ಸಾಲದಾದದ್ದು ಒಂದು ಹಲ್ಲು.

ಹೀಗಿರುವಾಗ ನಿಮ್ಮ ಕ್ಯಾಂಪ್ ಬಂತು. ಅಕ್ಷರ ಚೆನ್ನಾಗಿರುವವರು ಯಾರಾದರೂ ಬೇಕೆಂದು ಮಾಸ್ತರು ಕೇಳಿದರು. ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಒಪ್ಪಿದ್ದು ಅದು ಬರೆಯುವ ಕೆಲಸ, ಮಾತಾಡುವುದಲ್ಲ ಅನ್ನುವ ಒಂದೇ ಕಾರಣಕ್ಕೆ. ಹೆಸರು, ವಯಸ್ಸು, ನೋಯುವ ಹಲ್ಲು, ಕಿತ್ತ ಹಲ್ಲು. ಚೀಟಿಯಲ್ಲಿ ಇದ್ದದ್ದು ಇಷ್ಟೇ. ಉಳಿಸಿದ ಹಲ್ಲು ಎಂದು ಬರೆಯಲು ಜಾಗವಿರಲಿಲ್ಲ.

ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮರೆವ್ವ ನಿಮಗೆ ನೆನಪಿರಬೇಕು. ನೋಯುವುದು ಒಂದೇ ಆದರೂ ಅಲ್ಲಾಡುವುದನ್ನೆಲ್ಲ ಬರೆದುಕೋ ಎಂದು ನನಗೆ ಹೇಳಿದ್ದಳು. ಎರಡನ್ನು ಉಳಿಸಬಹುದು, ವಿಜಯಪುರಕ್ಕೆ ಬಾ ಎಂದು ನೀವು ಹೇಳಿದಾಗ ನಕ್ಕುಬಿಟ್ಟಳು. "ಉಳಿಸಿ ಯಾರ ಹೆಸರಿಗೆ ಮಾಡ್ಲಿ ಯವ್ವಾ? ಅವೇನ ಹೊಲಾ ಏನ? ಇವತ್ತ ಕಿತ್ತ ಒಗದಬಿಡು. ಮತ್ತ ಮತ್ತ ಬಂದ್ರ ಸಂತಿ ಯಾರ ಮಾಡವ್ರು?" ಸಾಲಿನವರೆಲ್ಲ ನಕ್ಕರು. ನೀವು ನಗಲಿಲ್ಲ. ನಾನು ಅದನ್ನು ಗಮನಿಸಿದೆ.

ಅದಾದ ಸ್ವಲ್ಪ ಹೊತ್ತಿಗೆ ಚೀಟಿ ಬರೆಸಲು ಅಪ್ಪ ಬಂದ. ನನ್ನ ಗುರುತೇ ಇಲ್ಲದವನಂತೆ ನಿಂತ. ಎಲ್ಲರಿಗೆ ಕೇಳಿದಂತೆ ಅವನಿಗೂ ಯಾವ ಹಲ್ಲು ಎಂದು ಕೇಳಿದೆ. ಅವನು ಬೆರಳಿಟ್ಟದ್ದು ಬಲಗಡೆಯ ಕೆಳದವಡೆಯ ಮೇಲೆ. ಆ ದವಡೆಯ ಹಲ್ಲಿನಿಂದಲೇ ಅವನು ನಾಲ್ಕು ತಿಂಗಳು ರೊಟ್ಟಿ ತಿಂದದ್ದು. ನಾನು ಅವನ ಮುಖ ನೋಡಿದೆ. ಅವನು ಗೋಡೆಯ ಮೇಲಿದ್ದ ಜಿಲ್ಲೆಯ ನಕಾಶೆ ನೋಡಿದ.

ಅವನ ಲೆಕ್ಕ ನನಗೆ ಆ ಕ್ಷಣವೇ ತಿಳಿಯಿತು. ಹಲ್ಲು ಕೀಳಿಸಿಕೊಂಡವರಿಗೆ ನೀವು ನೋವಿನ ಗುಳಿಗೆಯನ್ನೂ ಕೀವು ಒಣಗಿಸುವ ಗುಳಿಗೆಯನ್ನೂ ಪುಕ್ಕಟೆ ಕೊಡುತ್ತಿದ್ದಿರಿ. ಗುಳಿಗೆ ಸಿಕ್ಕರೆ ಹೇಗೋ ಸೀಜನ್ ದಾಟೀತು. ಗುಳಿಗೆ ಸಿಗಬೇಕಾದರೆ ಒಂದು ಹಲ್ಲು ಕೊಡಬೇಕು. ಮುಂದಿನದನ್ನು ತೋರಿಸಿದರೆ ಅದನ್ನೇ ಕೀಳುತ್ತಾರೆ. ಹಿಂದಿನ ಹಲ್ಲು ಊದುವುದಕ್ಕೆ ಬೇಡ. ಹಾಗಾಗಿ ಗಟ್ಟಿಮುಟ್ಟಾದ ದವಡೆ ಹಲ್ಲನ್ನು ನಿಮಗೆ ಒಪ್ಪಿಸಲು ಬಂದಿದ್ದ. ಇಂಥ ವ್ಯಾಪಾರ ಬ್ಯಾಂಡಿನವನಿಗಲ್ಲದೆ ಬೇರೆ ಯಾರಿಗೂ ಹೊಳೆಯದು.

ಇದೆಲ್ಲ ಗೊತ್ತಿದ್ದೂ ನಾನು 'ಬಲಗಡೆ ಕೆಳದವಡೆ' ಎಂದು ಬರೆದೆ. ಅಂದವಾಗಿ ಬರೆದೆ. ಚೀಟಿ ಅವನ ಕೈಗೆ ಕೊಟ್ಟೆ.

ನಿಮಗೆ ಹೇಳಬೇಕಾಗಿದ್ದದ್ದು ಇದೇ. ಅಪ್ಪ ಕುರ್ಚಿಗೆ ಹೋಗುವ ಮೊದಲು ಒಂಬತ್ತು ಜನರಿದ್ದರು. ಅಷ್ಟು ಹೊತ್ತು ನನಗೆ ಸಮಯವಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು ನಿಮ್ಮ ಕಿವಿಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಏಳಲಿಲ್ಲ. ಜನರ ನಡುವೆ ಹಾದುಹೋಗಬೇಕಲ್ಲ, ಎಲ್ಲರೂ ನೋಡುತ್ತಾರಲ್ಲ ಎಂದು ಕೂತೇ ಇದ್ದೆ. ನೀವು ಅಪ್ಪನಿಗೆ ಸೂಜಿ ಚುಚ್ಚಿದಿರಿ. ಆಗಲೂ ಕೂತಿದ್ದೆ. ದವಡೆ ಜೋಮು ಹಿಡಿಯಲಿ ಎಂದು ಅವನನ್ನು ಬೆಂಚಿನ ಮೇಲೆ ಕೂರಿಸಿದಿರಿ. ಆಗಲೂ ಕೂತಿದ್ದೆ. ನೀವು ಇಕ್ಕಳ ಕೈಗೆ ತೆಗೆದುಕೊಂಡಾಗ ನನ್ನ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ಎದ್ದು ನಿಂತಿದ್ದೇನೆಂದು ನನಗೆ ತಿಳಿದದ್ದೇ ಆ ಸದ್ದಿನಿಂದ.

"ಆ ಹಲ್ಲ ಅಲ್ರಿ. ಅಪ್ಪ ಸುಳ್ಳ ಹೇಳ್ಯಾನ."

ಸಾಲು ಪೂರಾ ನನ್ನ ಕಡೆ ತಿರುಗಿತು. ಅಪ್ಪ ಜೋಮು ಹಿಡಿದ ಬಾಯಿಯಿಂದ ನನಗೆ ಏನೋ ಬೈದ. ಏನೆಂದು ಯಾರಿಗೂ ತಿಳಿಯಲಿಲ್ಲ. ನೀವು ಉಪಕರಣದ ಹಿಂತುದಿಯಿಂದ ಅವನ ಮುಂದಿನ ಹಲ್ಲನ್ನು ಒಂದು ಸಲ, ಒಂದೇ ಸಲ, ತಟ್ಟಿದಿರಿ. ಅವನ ಕಣ್ಣಿನಿಂದ ನೀರು ದಳದಳ ಇಳಿಯಿತು. ಅವನು ನಿಮ್ಮ ಮಣಿಕಟ್ಟು ಹಿಡಿದುಕೊಂಡು, ಈ ಸಲ ತಿಳಿಯುವಂತೆ ತಡೆತಡೆದು ಅಂದ: "ಅದನ್ನ ಮುಟ್ಟಬ್ಯಾಡ್ರಿ ಡಾಕ್ಟರಬಾಯಿ. ಅದ ಹೋತಂದ್ರ ನನ್ನ ಊದೂದ ಹೋತು."

ನೀವು ಇಕ್ಕಳವನ್ನು ತಟ್ಟೆಯಲ್ಲಿಟ್ಟಿರಿ. "ಕೀಳಂಗಿಲ್ರಿ ಕಾಕಾ, ಉಳಸೂಣು. ಇಲ್ಲಿ ಆಗೂದಿಲ್ಲ, ವಿಜಯಪುರಕ್ಕ ನಾಕ ಸಲ ಬರ್ರಿ. ನಾನ ಮಾಡ್ತೇನಿ." ಹಲ್ಲು ತೆಗೆದುಕೊಳ್ಳದೆಯೇ ಗುಳಿಗೆ ಕೊಟ್ಟಿರಿ. ಆಮೇಲೆ ನನ್ನ ಕಡೆ ತಿರುಗಿ ಆ ಮಾತು ಅಂದಿರಿ. ನಾನು ಒಂಬತ್ತು ಚೀಟಿ ತಡವಾಗಿ ಎದ್ದವಳು. ನಿಮ್ಮ ಕೈ ಸ್ವಲ್ಪ ಚುರುಕಾಗಿದ್ದರೆ ಒಂದು ಒಳ್ಳೆಯ ಹಲ್ಲು ನನ್ನ ನಾಚಿಕೆಗೆ ಹೋಗುತ್ತಿತ್ತು. ಈಗ ಹೇಳಿದೆ. ಗಟ್ಟಿಗಿತ್ತಿ ಅನ್ನುವ ಮಾತನ್ನು ಹಿಂದಕ್ಕೆ ಕೊಡುವುದಿಲ್ಲ, ಅದಕ್ಕೆ ತಕ್ಕಂತೆ ಇರಲು ಪ್ರಯತ್ನಿಸುತ್ತಿದ್ದೇನೆ.

ಅಂದು ನೀವು ಇನ್ನೊಂದು ಮಾಡಿದಿರಿ, ಅದರ ಬೆಲೆ ನಿಮಗೆ ಗೊತ್ತಿದೆಯೋ ಇಲ್ಲವೋ. "ಯಾವ ದಿನ ಬರಾಕ ಆಗ್ತದ?" ಎಂದು ಅಪ್ಪನನ್ನು ಕೇಳಿದಿರಿ. ಪುಕ್ಕಟೆ ಸಿಗುವ ಕಡೆ ಬಡವನನ್ನು ದಿನ ಕೇಳುವ ರೂಢಿ ಇಲ್ಲ. ಅವರು ಹೇಳಿದ ದಿನ ನಾವು ಹೋಗಬೇಕು. ಹೋಗಲಾಗದಿದ್ದರೆ ಇವರಿಗೆ ಹಲ್ಲಿನ ಕಾಳಜಿ ಇಲ್ಲ ಎಂದು ಮಾತು ಬರುತ್ತದೆ. ಮರೆವ್ವನಿಗೆ ಹಲ್ಲು ಬೇಡವಾಗಿರಲಿಲ್ಲ ಡಾಕ್ಟರೇ, ನಾಲ್ಕು ಸಂತೆ ಬಿಡಲಾಗುತ್ತಿರಲಿಲ್ಲ, ಅಷ್ಟೇ. ಅಪ್ಪ ಲಗ್ನದ ಮುಹೂರ್ತಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ. ನೀವು ಗೋಡೆಯ ಕ್ಯಾಲೆಂಡರ್ ಇಳಿಸಿ ಮುಹೂರ್ತವಿಲ್ಲದ ನಾಲ್ಕು ಮಂಗಳವಾರ ಹುಡುಕಿ ತೆಗೆದಿರಿ.

ಆ ಮಂಗಳವಾರಗಳಲ್ಲಿ ಬಸ್ಸಿನಲ್ಲಿ ನನ್ನದು ಹೆಂಗಸರ ಪುಕ್ಕಟೆ ಟಿಕೀಟು, ಅಪ್ಪನದು ದುಡ್ಡಿನದು. "ನೋಯೂ ಹಲ್ಲ ನಂದು, ಪುಕ್ಕಟೆ ಹೋಗಾಕಿ ನೀ" ಎಂದು ಮನಗೂಳಿ ಬರುವವರೆಗೆ ಗೊಣಗುತ್ತಿದ್ದ. ನೀವು ರೂಟ್ ಕೆನಾಲ್ ಎಂದು ವಿವರಿಸಿದಾಗ, ಆಲಮಟ್ಟಿಯ ಕೆನಾಲ್ ತೋಡುವಾಗಲೂ ಇಷ್ಟು ಸಲ ಅಳತೆ ಹಿಡಿದಿರಲಿಕ್ಕಿಲ್ಲ ಅಂದ. ಅವನಿಗೆ ಭಯವಾದಾಗ ಹೀಗೆ ಮಾತು ಹೆಚ್ಚಾಗುತ್ತದೆ. ನನಗೆ ಇದ್ದದ್ದೂ ಹೋಗುತ್ತದೆ.

ಕೊನೆಯ ಮಂಗಳವಾರ ಹಲ್ಲಿಗೆ ಕ್ಯಾಪ್ ಕೂರಿಸಿ, ಕಚ್ಚಿ ನೋಡಿರಿ ಅಂದಿರಿ. ಅಪ್ಪ ಚೀಲದಿಂದ ಕ್ಲಾರಿನೆಟ್ಟಿನ ಬಾಯಿತುಂಡು ತೆಗೆದ. "ಕಚ್ಚಿದ್ರ ಏನ ತಿಳೀತದ್ರಿ? ಊದಿದ್ರ ತಿಳೀತದ." ನಿಮ್ಮ ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. ನೀವು ಅದನ್ನು ತೊಳೆದು ತಂದು, ಅವನ ಹಲ್ಲಿಗೂ ಆ ತುಂಡಿಗೂ ನಡುವೆ ನೀಲಿ ಕಾಗದ ಇಟ್ಟು, ಗುರುತು ಬಿದ್ದಲ್ಲಿ ಕ್ಯಾಪನ್ನು ಒಂದಿಷ್ಟೇ ಉಜ್ಜಿದಿರಿ. ನಾಲ್ಕು ಸಲ ಹಾಗೆ ಮಾಡಿದಿರಿ. ಐದನೆಯ ಸಲ ಅವನು ಊದಿದಾಗ ಬಾತುಕೋಳಿ ಕೂಗಿದಂಥ ಸದ್ದು ಬಂತು. ವಿದ್ಯಾರ್ಥಿಗಳೆಲ್ಲ ನಕ್ಕರು. ಅಪ್ಪ, "ಹಾಂ, ಕೂತಿತು" ಅಂದ.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ. ಹೊರಗೆ ಮೆಟ್ಟಿಲಿನ ಮೇಲೆ ಅವನು ಕೂತ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ನೋವಾಯಿತೇನೋ ಎಂದು ಹತ್ತಿರ ಹೋದೆ. ನೋವಲ್ಲ, ಅಳು. ನಾನು ಹತ್ತು ಹೆಜ್ಜೆ ದೂರ ಹೋಗಿ ಗೋಡೆಯ ಮೇಲಿನ ಬೋರ್ಡನ್ನು ಓದುತ್ತ ನಿಂತೆ. ಅದರಲ್ಲಿ ಹಲ್ಲು ಉಜ್ಜುವ ಕ್ರಮವಿತ್ತು. ಮೂರು ಸಲ ಓದಿದೆ.

ಮನೆಗೆ ಬಂದ ಮೇಲೆ ಮೊದಲ ವಾರ ಸ್ವರ ಒಡೆಯಿತು. ಎಡಮೂಲೆಯ ರೂಢಿ ಬಿದ್ದಿತ್ತಲ್ಲ, ಕೊಳವೆ ತಾನಾಗಿಯೇ ಅತ್ತ ಸರಿಯುತ್ತಿತ್ತು. "ಹಲ್ಲಿನ ಡಾಕ್ಟರ ಆತು, ಇನ್ನ ನಮ್ಮ ಕಿವಿಗಿ ಒಬ್ಬರ್ನ ನೋಡು" ಎಂದಳು ಅವ್ವ. ಆದರೂ ಬೆಳಗಿನ ನಮಾಜು ಮುಗಿಸಿ ಅವನು ಮಾಳಿಗೆ ಹತ್ತಿದೊಡನೆ ಅವಳು ಚಹಾ ಮೇಲಕ್ಕೇ ಕಳಿಸುತ್ತಿದ್ದಳು.

ನನ್ನ ಸುದ್ದಿಯೂ ಸ್ವಲ್ಪ ಇದೆ. ಈಗ ತಿಂಗಳಿಗೆ ಎರಡು ಮಂಗಳವಾರ ನಮ್ಮ ಓಣಿಯ ಹೆಂಗಸರನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗುತ್ತೇನೆ. ಮೊನ್ನೆ ಮರೆವ್ವ ಬಂದಿದ್ದಳು, ಉಳಿದ ಹಲ್ಲುಗಳಲ್ಲೊಂದು ನೋಯುತ್ತಿದೆ ಎಂದು. ಸಂತೆ ಇಲ್ಲದ ದಿನ ಬೇಕು, ಕೀಳುವುದಕ್ಕಲ್ಲ, ಉಳಿಸುವುದಕ್ಕೆ ಎಂದು ಕೌಂಟರಿನಲ್ಲಿ ನಾನೇ ಮಾತಾಡಿದೆ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ದನಿ ಸರಿಯಾಗಿಯೇ ಬಂತು. ನೀವು ಇಂಡಿಯಲ್ಲಿ ದವಾಖಾನೆ ತೆರೆದರೆ ದರ ಕಡಿಮೆ ಇಡುತ್ತೀರಿ ಎಂದು ನನಗೆ ನಂಬಿಕೆ ಇದೆ. ದಿನ ಕೇಳುವುದನ್ನೂ ಬಿಡಬೇಡಿ.

ಇನ್ನು ಕೊಲ್ಹಾರದ ಮದುವೆ. ಸೀಜನ್ನಿನ ಮೊದಲ ದೊಡ್ಡ ಮೆರವಣಿಗೆ. ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ಚುರುಗುಡುತ್ತಿತ್ತು. ಸಿಂದಗಿಯವನು ಗಾಡಿಯ ಮೇಲೆ ಕೀಬೋರ್ಡ್ ಹೂಡಿಕೊಂಡು ತಯಾರಿದ್ದ. ತಾಳದ ಜೋಡಿಯೊಂದು ಯಾರ ಕೈಯಲ್ಲೂ ಇಲ್ಲದೆ ಗಾಡಿಯ ಅಂಚಿನಲ್ಲಿತ್ತು. ಯಾರಿಗಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗ ಬ್ಯಾಂಡ್ ಬಂದರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ, ಗೆಳತಿಯರು ಅಪ್ಪನನ್ನು ನೋಡಿಯಾರೆಂದು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವತ್ತು ಮಾತ್ರ ಅವನ ಪಕ್ಕದಲ್ಲೇ ನಡೆದೆ.

ಅವನು ಕೊಳವೆಯನ್ನು ಬಾಯಿಯ ನಟ್ಟನಡುವೆ ಇಟ್ಟ. ಟ್ಯೂಬಿನ ತುಂಡು ಇರಲಿಲ್ಲ. ಮೊದಲ ಸ್ವರ ಎಳೆದಾಗ ಬಸಂತರಾಯ ಕಾಕಾ ದಾರಿ ನೋಡದೆ ಅವನ ಬಾಯಿಯನ್ನೇ ನೋಡುತ್ತಿದ್ದರು. ಸ್ವರ ಒಡೆಯಲಿಲ್ಲ. ಬೀದಿ ತಿರುಗಿತು, ಒಡೆಯಲಿಲ್ಲ. ಮೂರನೆಯ ಹಾಡಿನ ಹೊತ್ತಿಗೆ ಕಾಕಾ ಗಾಡಿಯ ಅಂಚಿನ ತಾಳಗಳನ್ನು ತಾವೇ ಎತ್ತಿಕೊಂಡು ಬಾರಿಸತೊಡಗಿದರು. ಸಿಂದಗಿಯವನು ಕೈಕಟ್ಟಿ ಕೂತದ್ದನ್ನು ನೋಡಿ ಅಪ್ಪ ತಲೆಯಾಡಿಸಿ ಅವನನ್ನೂ ಕರೆದ, ಜೊತೆಗೆ ಬಾ ಎಂದು. ಆಮೇಲೆ ಇಬ್ಬರೂ ಸೇರಿ ನುಡಿಸಿದರು.

ಮದುವೆಮನೆಯ ಬಾಗಿಲಲ್ಲಿ ಎಲ್ಲ ನಿಂತಿತು. ಅಪ್ಪ ಬೆವರು ಒರೆಸಿಕೊಳ್ಳಲಿಲ್ಲ, ನೀರು ಕೇಳಲಿಲ್ಲ. ಹೆಬ್ಬೆರಳಿನಿಂದ ಆ ಹಲ್ಲನ್ನು ಒತ್ತಿ ನೋಡಿದ. ನನ್ನ ಕಡೆ ತಿರುಗಿ, "ಐತಿ" ಅಂದ.

ನಿಮ್ಮ ಕೈಗೆ ದಣಿವು ಬಾರದಿರಲಿ, ನಿಮ್ಮೆದುರು ಬಾಯಿ ತೆರೆದವರ ಭಯ ಅಲ್ಲೇ ಇಳಿಯಲಿ ಎಂದು ಅಪ್ಪ ಅವ್ವ ಇಬ್ಬರೂ ದುವಾ ಮಾಡಿದ್ದಾರೆ. ನನ್ನದೂ ಅದೇ.

ನಿಮ್ಮ ಚೀಟಿ ಬರೆದವಳು,
ಗುಲನಾಜ
ಬಸವನ ಬಾಗೇವಾಡಿ