ಗುನ್ವೋರ್ ಬಿಟ್ಟುಕೊಟ್ಟ ಜಾಗ

ಎಲ್ಮ್ ಹಳ್ಳ, ಡಕೋಟ ಪ್ರಾಂತ
ಮೇ ೧೫, ೧೮೮೧, ಭಾನುವಾರ

ಪ್ರೀತಿಯ ಡೋರ್ದಿ,

ನಿನಗೂ ನಿನ್ನ ಯಜಮಾನರಿಗೂ ಮಾರಿತ್ ಚಿಕ್ಕಮ್ಮನ ನೆನಪುಗಳು. ಆರೆಗಾನಿನ ಕಡಲಗಾಳಿ ನಿನಗೆ ಒಗ್ಗಿದೆ ಎಂದು ಓದಿ ಸಮಾಧಾನವಾಯಿತು. ನಾವು ಇದ್ದೇವೆ. ಎರಡು ಹಸು ಉಳಿದಿವೆ, ನಿನ್ನ ಟೋರೆ ಚಿಕ್ಕಪ್ಪನ ಮಂಡಿನೋವು ಎಂದಿನಂತೆ ಚೆನ್ನಾಗಿದೆ, ಹಳ್ಳದ ನೀರು ಇಳಿಯುತ್ತಿದೆ.

ಈ ಕಾಗದ ನಿನಗೆ ಬಹಳ ಮುಂಚೆಯೇ ಸೇರಬೇಕಿತ್ತು, ಕ್ಷಮಿಸು. ಜನವರಿಯಿಂದ ರೈಲು ಹಿಮದಲ್ಲಿ ಹೂತುಹೋಗಿ, ಮೊದಲ ಗಾಡಿ ಬಂದದ್ದೇ ಮೇ ಐದಕ್ಕೆ. ಅದು ಅರ್ಧ ಕಾರಣ. ಉಳಿದರ್ಧ ನನ್ನ ಪುಕ್ಕಲುತನ. ಅದೇ ಗಾಡಿಯಲ್ಲಿ ನೀನು ಅಮ್ಮನಿಗೆ ಬರೆದ ಮೂರು ಕಾಗದಗಳೂ ಒಟ್ಟಿಗೆ ಬಂದವು. ಮೂರನ್ನೂ ನಾನೇ ಒಡೆದೆ. ಕೊನೆಯದರಲ್ಲಿ, ಅಮ್ಮ ಒಂದು ಸಾಲೂ ಬರೆದಿಲ್ಲ, ನನ್ನ ಮೇಲೆ ಸಿಟ್ಟೇ ಎಂದು ಕೇಳಿದ್ದೀಯೆ. ಸಿಟ್ಟಲ್ಲ ಮಗಳೇ. ನಿನ್ನ ಅಮ್ಮ, ನನ್ನ ಗುನ್ವೋರ್, ಏಪ್ರಿಲ್ ಹತ್ತೊಂಬತ್ತು, ಮಂಗಳವಾರ ಬೆಳಿಗ್ಗೆ ತೀರಿಕೊಂಡಳು.

ಇಷ್ಟು ಬರೆದು ಎದ್ದು ಹೋಗಿ ರೊಟ್ಟಿಯ ಹಿಟ್ಟು ಕಲಸಿಟ್ಟು ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ.

ಸುಗ್ಗಿ ಮುಗಿದ ಮೇಲೆ ಗುಂಡಿ ತೋಡುವ ಎಲ್ಲಿಂಗ್ ಮನೆಮನೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಕಾಫಿ ಮುಗಿಯುವವರೆಗೂ ಗಾಳಿ ಮೋಡದ ಮಾತಾಡಿ, ಆಮೇಲೆ ಮೆಲ್ಲಗೆ “ಈ ಸಲ ನಿಮ್ಮಲ್ಲಿ ಏನಾದ್ರೂ?” ಎಂದು ಕೇಳುವುದು ನಿನಗೆ ನೆನಪಿರಬೇಕು. ನೆಲ ಹೆಪ್ಪುಗಟ್ಟುವ ಮೊದಲೇ ತೋಡಿ, ಹಲಗೆ ಮುಚ್ಚಿ, ಹುಲ್ಲು ಹೊದಿಸಿ ಇಡದಿದ್ದರೆ ಚಳಿಗಾಲದಲ್ಲಿ ಹೋದವರು ಏಪ್ರಿಲ್‌ವರೆಗೆ ಕಣಜದ ಮಾಡಿನ ಮೇಲೆ ಕಾಯಬೇಕಲ್ಲ. ಕಳೆದ ಅಕ್ಟೋಬರಿನಲ್ಲಿ ಮುದುಕ ಶೂರ್‌ಗೆ ಒಂದು ತೋಡುವುದೆಂದು ಅವನ ಮನೆಯವರು ಒಪ್ಪಿದರು. ನಿನ್ನ ಅಮ್ಮನ ಮುಂದೆ ಕೂತ ಎಲ್ಲಿಂಗ್ ಬಾಯಿ ಬಿಡಲಾರದೆ ಮೂರು ಲೋಟ ಕಾಫಿ ಕುಡಿದ. ಕೊನೆಗೆ ಅವಳೇ ಹೇಳಿದಳು: ಡಾಕ್ಟರು ಹೊಟ್ಟೆಯ ಗಡ್ಡೆ ಒತ್ತಿ ನೋಡಿ, ಕ್ರಿಸ್‌ಮಸ್ ದಾಟುವುದು ಕಷ್ಟ ಎಂದಿದ್ದಾರೆ.

“ನಂದೂ ಒಂದು ತೋಡ್ಬಿಡು ಎಲ್ಲಿಂಗ್. ಉದ್ದ ತೋಡು. ಈ ದೇಶಕ್ಕೆ ಬರೋವಾಗ ಹಡಗಲ್ಲಿ ಆರು ವಾರ ಮಂಡಿ ಮಡಿಸ್ಕೊಂಡು ಮಲಗಿದ್ದೇ ಸಾಕು.”

ನಿನಗೆ ತಿಳಿಸಬಾರದೆಂದು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಳು. ಹುಡುಗಿ ಬಸುರಿ, ಸುದ್ದಿ ಕೇಳಿದರೆ ಆ ಬೆಟ್ಟಗಳನ್ನೆಲ್ಲ ದಾಟಿ ಹೊರಟೇಬಿಡುತ್ತಾಳೆ ಎಂದಳು. ಕೋಪ ಬಂದರೆ ನನ್ನ ಮೇಲೂ ಮಾಡಿಕೊ, ನಾನೂ ಒಪ್ಪಿದವಳೇ.

ಗುಂಡಿ ಸಿದ್ಧವಾದ ವಾರವೇ ಅವಳು ಬರೆಯಲು ಕೂತಳು. ಮೊದಲೆಲ್ಲ ಪತ್ರಿಕೆಗೆ ಕಳಿಸುತ್ತಿದ್ದದ್ದು ಹಾಲು ಕರೆಯುವುದರ ಮತ್ತು ಬೆಣ್ಣೆ ಕಡೆಯುವುದರ ನಡುವೆ, ನಿಂತುಕೊಂಡೇ ಬರೆದದ್ದು. ಆಗ ನಾವು ಎಷ್ಟು ಆಡಿಕೊಂಡಿದ್ದೇವೆ! ಗುನ್ವೋರ್ ಮನೆಯಲ್ಲಿ ಬಾಯಿ ಬಿಡಬೇಡಿ, ಮುಂದಿನ ವಾರ ಅಚ್ಚಾಗಿ ಬರುತ್ತದೆ ಎಂದು ಮೊದಲು ಹೇಳಿದವಳು ನಾನೇ. ಈ ಸಲ ಅವಳು ಹಿಡಿದದ್ದು ಪುಸ್ತಕ. ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ ಮೊದಲ ಹನ್ನೊಂದು ಮನೆಗಳು, ಮಣ್ಣಿನ ಹೆಂಟೆ ಕಡಿದು ಕಟ್ಟಿದ ಗೋಡೆಗಳು, ನೀರು ಬಾರದ ಆರು ಬಾವಿಗಳು, ಮಿಡತೆ ಬಂದ ವರ್ಷ. ಹುಟ್ಟಿದವರು, ಹೋದವರು, ಒಬ್ಬರನ್ನೂ ಬಿಡಬಾರದು ಎಂದು ಅವಳ ಹಟ. ಇದರಿಂದ ಯಾರಿಗೆ ಏನಾಗಬೇಕು ಎಂದು ಕೇಳಿದೆ. ನಮ್ಮಲ್ಲಿ ಒಬ್ಬರದ್ದಾದರೂ ಫೋಟೋ ಇದೆಯಾ ಎಂದು ತಿರುಗಿ ಕೇಳಿದಳು. ಇರಲಿಲ್ಲ.

ಕಾಗದವೆಂದರೆ ಬೀಜದಂಗಡಿಯ ಹಳೇ ಜಾಹೀರಾತುಗಳ ಹಿಂಬದಿ. ಶಾಯಿ ಹೆಪ್ಪುಗಟ್ಟುತ್ತದೆಂದು ಸೀಸೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಲಗುತ್ತಿದ್ದಳು. ಕ್ರಿಸ್‌ಮಸ್ ಬಂತು, ಹೋಯಿತು. ಪುಸ್ತಕ ಇನ್ನೂ ಅರ್ಧ ಆಗಿರಲಿಲ್ಲ. ಡಾಕ್ಟರಿಗೆ ಕೋಪ ಬರಬಹುದು ಎಂದು ನಕ್ಕಳು.

ನನ್ನ ಮಗಳು ಒಲೀನೆಗೆ ಗಂಟಲಮಾರಿ ಬಡಿದದ್ದು ಜನವರಿ ಹನ್ನೊಂದಕ್ಕೆ. ಹದಿನಾಲ್ಕಕ್ಕೆ ಹೋದಳು. ಆರು ವರ್ಷ. ಎರಡು ಚಳಿಗಾಲ ಅವಳನ್ನು ಬೆನ್ನ ಮೇಲೆ ಹೊತ್ತು ತಿರುಗಿದವಳು ನೀನು, ನಿನಗೆ ಇದನ್ನು ಹೀಗೆ ಮೂರು ಸಾಲಿನಲ್ಲಿ ಹೇಳಬೇಕಾಯಿತು. ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಮಗುವಿಗೆಂದು ಮುಂಚಿತವಾಗಿ ತೋಡುವ ಪದ್ಧತಿ ನಮ್ಮಲ್ಲಿ ಇಲ್ಲ. ಎಲ್ಲಿಂಗ್ ಕೇಳುವುದಿಲ್ಲ, ಯಾವ ತಾಯಿಯೂ ಹೇಳುವುದಿಲ್ಲ. ಮುದುಕ ಶೂರ್ ನವೆಂಬರಿನಲ್ಲೇ ತನ್ನದರಲ್ಲಿ ಮಲಗಿಬಿಟ್ಟಿದ್ದ. ಟೋರೆ ಒಂದು ಹಗಲೆಲ್ಲ ಗುದ್ದಲಿ ಹಾಕಿದ. ಗುದ್ದಲಿ ಮುರಿಯಿತೇ ಹೊರತು ನೆಲ ಅಂಗೈಯಷ್ಟೂ ಬಿಡಲಿಲ್ಲ. ಕಣಜದ ಮಾಡಿನ ಮೇಲೆ ಇಡೋಣ, ತೋಳ ಅಷ್ಟು ಎತ್ತರ ಹತ್ತುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನು ಮಗುವನ್ನು ಮಡಿಲಿನಿಂದ ಇಳಿಸಲೇ ಇಲ್ಲ.

ಮರುದಿನ ಮಧ್ಯಾಹ್ನ ನಿನ್ನ ಅಮ್ಮ ಬಂದಳು. ಅರ್ಧ ಮೈಲಿ ಹಿಮದಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ದಾರಿ ತಪ್ಪದಂತೆ ಮನೆಯಿಂದ ಮನೆಗೆ ಕಟ್ಟಿದ್ದ ಹಗ್ಗ ಹಿಡಿದು. ನನ್ನ ಪಕ್ಕ ಕೂತು ಉಸಿರು ತಿರುಗಿಸಿಕೊಂಡಳು.

“ನಂದು ಖಾಲಿ ಇದೆ ಮಾರಿತ್. ಮಗೂಗೆ ತಗೋ.”

ಮತ್ತೆ ನಿನಗೆ, ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ಕೇಳಿದೆ.

“ನಂಗಿನ್ನು ಸಾಯೋಕೆ ಜಾಗ ಇಲ್ಲ. ನೆಲ ಕರಗೋವರ್ಗೂ ಕೂತು ಬರೀತೀನಿ, ಅಷ್ಟೆ.”

ಜನವರಿ ಹದಿನೇಳಕ್ಕೆ ಒಲೀನೆಯನ್ನು ಅಲ್ಲಿ ಇಟ್ಟೆವು. ಆ ಗುಂಡಿ ತೀರ ಉದ್ದವಾಗಿತ್ತು, ಡೋರ್ದಿ. ಪೆಟ್ಟಿಗೆಯ ಕಾಲ ಕಡೆಗೆ ಅಷ್ಟೊಂದು ಜಾಗ ಉಳಿದಿತ್ತು. ನಿನ್ನ ಅಮ್ಮ ತನ್ನ ಶಾಲು ಬಿಚ್ಚಿ ಮಡಿಸಿ ಅಲ್ಲಿ ಇಟ್ಟಳು.

ಆಮೇಲೆ, ಆ ತಿಂಗಳ ಕೊನೆಯಲ್ಲಿ, ಎಂಟು ದಿನ ನಾನು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಅದೇಕೆಂದು ಈಗ ಬರೆಯಲಾರೆ. ಒಂಬತ್ತನೆಯ ದಿನ ಟೋರೆ ಅವಳ ಒಲೆಗೆ ಹುಲ್ಲು ಕೊಟ್ಟು ಬಂದವನು, ಅವಳ ಬೆರಳು ಈಗ ಪೆನ್ಸಿಲನ್ನೂ ಹಿಡಿಯುತ್ತಿಲ್ಲ, ಆದರೂ ಹಾಳೆ ಮುಂದಿಟ್ಟುಕೊಂಡು ಕೂತಿದ್ದಾಳೆ ಎಂದ. ನಾನು ಎದ್ದು ಹೋದೆ. ಹೇಳು, ಬರೆದುಕೊಳ್ಳುತ್ತೇನೆ, ಬೇರೆ ಮಾತು ಬೇಡ ಎಂದೆ. ಅವಳು ಸರಿ ಎಂದು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಶುರು ಮಾಡಿದಳು.

ಆಮೇಲಿನ ಎರಡೂವರೆ ತಿಂಗಳು ನಾನು ಕಂಡದ್ದನ್ನು ನಿನಗೆ ಹೇಗೆ ನಂಬಿಸಲಿ? ಮನೆಯಲ್ಲಿ ಹಿಟ್ಟಿಲ್ಲ, ಕಾಫಿ ಬೀಸುವ ಯಂತ್ರದಲ್ಲಿ ಗೋಧಿ ಬೀಸುತ್ತಿದ್ದೆವು. ಸೌದೆಯಿಲ್ಲ, ಹುಲ್ಲು ಹೊಸೆದು ಹೊಸೆದು ಒಲೆಗೆ ತುಂಬುತ್ತಿದ್ದೆವು. ನಾನು ಒಂದು ಹೊರೆ ಹೊಸೆಯುವುದು, ಒಂದು ಪುಟ ಬರೆಯುವುದು. ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. ನೋವು ಎದ್ದಾಗ ಕುದುರೆಯ ತೊಗಲಿನ ಪಟ್ಟಿ ಕಚ್ಚಿ ಹಿಡಿಯುವಳು. ಕೆಲವೊಮ್ಮೆ ವಾಕ್ಯದ ನಡುವೆಯೇ. ಕಾಲು ಗಂಟೆ ಹಾಗೇ ಹೋಗುತ್ತಿತ್ತು, ನಾನು ಅವಳ ಬೆವರು ಒರೆಸುತ್ತ ಕೂತಿರುತ್ತಿದ್ದೆ. ಆಮೇಲೆ ಪಟ್ಟಿ ತೆಗೆದು, ನಿಂತ ಪದದ ಮುಂದಿನ ಪದ ಹೇಳುತ್ತಿದ್ದಳು. ಎಲ್ಲಿಗೆ ನಿಂತಿತ್ತು ಎಂದು ಒಮ್ಮೆಯೂ, ಒಂದೇ ಒಂದು ಸಲವೂ ನನ್ನನ್ನು ಕೇಳಲಿಲ್ಲ. ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲಿದ್ದು ಹುಳಿ ಹಾಲು, ಕೋಳಿಮರಿ ಕೊಟ್ಟು ತೆಗೆದುಕೊಂಡ ಹೆಂಗಸು ಇವಳೇ ಏನು ಎಂದು ದಿಟ್ಟಿಸಿ ನೋಡುತ್ತಿದ್ದೆ. ನಾನು ಚರ್ಚಿನಲ್ಲಿ ಮಂಡಿಯೂರಿದಾಗಲೂ ಅಷ್ಟು ಭಯಭಕ್ತಿ ಅನುಭವಿಸಿದವಳಲ್ಲ, ದೇವರು ಕ್ಷಮಿಸಲಿ.

ನಗುವೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲಿಂಗ್ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ನನ್ನ ಬಗ್ಗೆ ಏನು ಬರೆದಿದ್ದೀಯೆ ಎಂದು ಕೇಳುತ್ತಿದ್ದ. ನೀನು ಕುಡಿದ ಕಾಫಿಗೇ ಒಂದು ಅಧ್ಯಾಯ ಹೋಯಿತು ಎಂದು ಇವಳು. ಅವನು ಹೋಗುವ ಮುನ್ನ ಅಂಗಳದಲ್ಲಿ ಕಬ್ಬಿಣದ ಸರಳು ಊರಿ, ನೆಲದ ಹೆಪ್ಪು ಎಷ್ಟು ಬಿಟ್ಟಿದೆ ಎಂದು ನೋಡಿ ಹೇಳಬೇಕಿತ್ತು. ಅದು ಅವಳ ಅಪ್ಪಣೆ. ಮಾರ್ಚ್ ಪೂರ್ತಿ ಸರಳು ಇಳಿಯಲಿಲ್ಲ.

ಏಪ್ರಿಲ್ ಹದಿನಾರಕ್ಕೆ ಕೊನೆಯ ಸಾಲು ಹೇಳಿದಳು. ಎರಡು ನೂರ ಹನ್ನೆರಡು ಹಾಳೆ. ನಾನು ಪೆನ್ಸಿಲ್ ಕೆಳಗಿಟ್ಟೆ. ನೆಲ ಎಷ್ಟು ಬಿಟ್ಟಿದೆ ಎಂದು ಕೇಳಿದಳು. ಒಂದೂವರೆ ಅಡಿ ಎಂದೆ. ಇನ್ನೂ ಸಾಲದು, ಎಲ್ಲಿಂಗನ ಬೆನ್ನು ಮುರಿಯುತ್ತದೆ ಎಂದು ಗೊಣಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಮೂರು ದಿನ ಕಾದಳು. ಮಂಗಳವಾರ ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿ ಕಣ್ಣು ಬಿಟ್ಟಳು, ನಿನ್ನ ಹೆಸರು ಹೇಳಿದಳು, ಆಮೇಲೆ ಉಸಿರು ತೆಗೆದುಕೊಳ್ಳಲಿಲ್ಲ.

ಎರಡಡಿಯ ಕೆಳಗೆ ನೆಲ ಇನ್ನೂ ಗಟ್ಟಿ. ಅದರ ಮೇಲೆ ಬೆಂಕಿ ಹಾಕಿ ಕರಗಿಸಬೇಕಾಯಿತು. ಯಾರೂ ಯಾರಿಗೂ ಹೇಳಿಕಳಿಸಲಿಲ್ಲ, ಆದರೆ ಉಳಿದ ಹತ್ತು ಮನೆಯವರೂ ಹೊಸೆದ ಹುಲ್ಲಿನ ಹೊರೆ ಹೊತ್ತು ಬಂದರು. ಅದು ಅವರವರ ಒಲೆಯ ಕೊನೆಯ ಹುಲ್ಲು. ಅವಳನ್ನು ಆಡಿಕೊಂಡ ಬಾಯಿಗಳೆಲ್ಲ ಸುತ್ತ ನಿಂತು ಬೆಂಕಿ ನೋಡುತ್ತಿದ್ದವು. ಎಲ್ಲಿಂಗ್ ಉದ್ದವಾಗಿಯೇ ತೋಡಿದ. ಒಲೀನೆಯ ಎಡಗಡೆಗೆ ಇದ್ದಾಳೆ ನಿನ್ನ ಅಮ್ಮ.

ಹಾಳೆಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ, ಗುರುವಾರದ ರೈಲಿಗೆ ಟೋರೆ ತಾನೇ ಹೋಗಿ ಕೊಡುತ್ತಾನೆ. ಅಚ್ಚು ಹಾಕಲು ಪತ್ರಿಕೆಯವರು ಕೇಳಿದ್ದಾರೆ, ತೀರ್ಮಾನ ನಿನ್ನದು. ನಿನಗೆ ಮಗಳು ಹುಟ್ಟಿದ ಸುದ್ದಿ ಅವಳಿಗೆ ತಲುಪಲಿಲ್ಲ, ಅದಕ್ಕಾಗಿ ನಾನು ಆ ರೈಲನ್ನು ಎಂದೂ ಕ್ಷಮಿಸುವುದಿಲ್ಲ. ಮಗು ನೂರು ಕಾಲ ಬಾಳಲಿ, ಅಜ್ಜಿಯ ಎದೆಗಾರಿಕೆ ಅವಳಿಗೆ ಬರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಪ್ರೀತಿಯ
ಮಾರಿತ್ ಚಿಕ್ಕಮ್ಮ

ತಾ.ಕ.: ಕಾಗದ ಮಡಿಸಿಟ್ಟವಳು ಮತ್ತೆ ಬಿಚ್ಚಿದ್ದೇನೆ. ಆ ಎಂಟು ದಿನದ ವಿಷಯ ಹೇಳದಿದ್ದರೆ ನೀನು ಪುಸ್ತಕ ಓದಿ ಕೇಳಿಯೇ ಕೇಳುತ್ತೀಯೆ. ಅದರಲ್ಲಿ ಎಲ್ಲರೂ ಇದ್ದಾರೆ. ಮುದುಕ ಶೂರ್‌ನ ಕೆಮ್ಮು ಇದೆ, ನಮ್ಮ ಕುಂಟೆತ್ತು ಇದೆ, ಹೆಸರಿಡುವ ಮೊದಲೇ ಹೋದ ಕೂಸುಗಳೂ ಇವೆ. ನನ್ನ ಒಲೀನೆ ಇಲ್ಲ.

ಇದ್ದಳು. ಅವಳನ್ನು ಇಟ್ಟು ಬಂದ ವಾರದಲ್ಲಿ ನಿನ್ನ ಅಮ್ಮ ಮೂರು ಹಾಳೆ ಬರೆದಿದ್ದಳು. ಅವಳು ತನ್ನ ಕೈಯಾರೆ ಬರೆದ ಕೊನೆಯ ಹಾಳೆಗಳು ಅವೇ. ಒಲೀನೆ ಹೇಗೆ ಮಾತಾಡುತ್ತಿದ್ದಳೋ ಹಾಗೇ ಬರೆದಿದ್ದೇನೆ, ಓದಿ ನೋಡು, ಬೇಡ ಅಂದರೆ ತೆಗೆಯುತ್ತೇನೆ ಎಂದು ನನ್ನ ಕೈಗೆ ಕೊಟ್ಟಳು. ನನಗೆ ಉರಿದುಹೋಯಿತು. ಜಾಗ ಕೊಟ್ಟದ್ದಕ್ಕೆ ನನ್ನ ಮಗುವನ್ನು ಕಥೆ ಮಾಡಿಕೊಳ್ಳುತ್ತೀಯಾ ಎಂದು ಕೇಳಿದೆ. ಹೌದು, ಅಷ್ಟನ್ನು ಅಂದೆ. ಹಾಳೆಗಳನ್ನು ಅವಳ ಎದುರಿಗೇ ಒಲೆಗೆ ಹಾಕಿದೆ. ಒಂದು ಸಾಲೂ ಓದಲಿಲ್ಲ. ಅವಳು ತಡೆಯಲಿಲ್ಲ. “ಅವು ನಿನ್ನವೇ ಮಾರಿತ್” ಎಂದಳು, ಅಷ್ಟೆ.

ಆ ಎಂಟು ದಿನ ಕಳೆದ ಮೇಲೆ ದಿನವೂ ಅವಳ ಪಕ್ಕದಲ್ಲೇ ಕೂತಿದ್ದೆ. ಇನ್ನೊಮ್ಮೆ ಹೇಳು ಎಂದು ಕೇಳಬಹುದಿತ್ತು. ನಾಳೆ ಕೇಳೋಣ, ನಾಳೆ ಕೇಳೋಣ ಎಂದುಕೊಂಡೆ. ಈಗ ಮಗುವಿನ ಮುಖ ಕಣ್ಣ ಮುಂದಿದೆ, ಅವಳ ಮಾತು ನೆನಪಿನಿಂದ ಹೋಗುತ್ತಿದೆ. ನನ್ನನ್ನು ಹೇಗೆ ಕೂಗುತ್ತಿದ್ದಳು ಎಂಬುದು ನಿನ್ನೆ ಹಗಲೆಲ್ಲ ಹುಡುಕಿದರೂ ಸಿಗಲಿಲ್ಲ.

ನೀನು ಅವಳನ್ನು ಹೊತ್ತವಳು. ನಿನ್ನ ಬೆನ್ನ ಮೇಲೆ ಕೂತು ಅವಳು ಏನಾದರೂ ಅಂದದ್ದು ನಿನಗೆ ನೆನಪಿದ್ದರೆ, ತುಂಟ ಮಾತಾದರೂ ಸರಿ, ಅರ್ಧ ಮಾತಾದರೂ ಸರಿ, ಬರೆದು ಕಳಿಸು. ನಾನು ಓದುತ್ತೇನೆ ಡೋರ್ದಿ. ಈ ಸಲ ಓದುತ್ತೇನೆ.