ಅರ್ಧರ್ಧ ಗುಳಿಗಿ

ಅಪ್ಪಾ,

ಗಲಗಲಿಗೆ ಕಾಕಿ ಹತ್ರ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಬ್ಯಾಳಿ ಬಿಸಿ ಮಾಡ್ಕೋ.

ನಿನ್ನಿ ಹೊಳೆಪ್ಪ ಕಾಕಾನ ಮಣ್ಣು ಮುಗದ ಮ್ಯಾಲ ಕಾಕಿ ಒಂದು ಡಬ್ಬಿ ಕೊಟ್ಲು. ರಕ್ತದಾಗಿನ ಕೊಬ್ಬು ಇಳಿಸಾಕಂತ ನಿನಗ ಮಿಲ್ಲಿನ ವಿಮಾ ದವಾಖಾನ್ಯಾಗ ಪುಕ್ಕಟೆ ಕೊಡೋ ಗುಳಿಗಿ, ಎಲ್ಲಾ ಅರ್ಧ ಮುರದವು. ಕಾಕಾಗೂ ಅದ ಬ್ಯಾನಿ, ವಿಮಾ ಇಲ್ಲ ಅಂತ ಪಾಲು ಕೊಟ್ಟಿ. ಡಾಕ್ಟರ ಮುಂದ ಮಾತ್ರ ದಿನಾ ಇಡೀ ನುಂಗತೇನಿ ಅಂದಿ!

ಕಾಕಾ ಒಂದೂ ನುಂಗಿಲ್ಲ. "ಅಣ್ಣ ರಿಟಾಯರ್ ಆದ್ರ ವಿಮಾ ನಿಲ್ಲತೈತಿ, ಆಗ ಅವಗ ಬೇಕಾಗತಾವ" ಅಂತ ಕೂಡಿಟ್ಟಿದ್ನಂತ.

ಡಬ್ಬಿ ದೇವರ ಜಗಲಿ ಮ್ಯಾಲ ಬೀರಪ್ಪನ ಮುಂದ ಐತಿ. ಇವತ್ತ ಉಂಡು ಎರಡು ಅರ್ಧ ನುಂಗು. ಇನ್ನ ಮುರದು ಕೊಡಾಕ ನಿನಗ ಯಾರೂ ಇಲ್ಲ.

ತಾರಾ